ಊರ್ಮಿಳಾ ಅವರ ಮೂರನೆಯ ಪ್ರಶ್ನೆ

ಬೆಳಗಿನ ಐದೂ ಮುಕ್ಕಾಲು. ಲಾಸ್ ಏಂಜಲೀಸಿನ ಅಂಚಿನ ಚಾಟ್ಸ್‌ವರ್ತ್‌ನಲ್ಲಿ, ಕಾರ್ಖಾನೆಗಳ ಬೀದಿಯಾಚೆ ಬೆಟ್ಟದ ಅಂಚು ಈಗಷ್ಟೇ ಬೂದುಬಣ್ಣಕ್ಕೆ ತಿರುಗುತ್ತಿದೆ. ರಸ್ತೆ ಬದಿಗೆ ನಿಲ್ಲಿಸಿದ ಹಳೆಯ ಕಾರಿನಲ್ಲಿ ಐವತ್ತೆಂಟರ ಊರ್ಮಿಳಾ ಫೋನನ್ನು ಸ್ಟೀರಿಂಗಿಗೆ ಒರಗಿಸಿ, ತೊಡೆಯ ಮೇಲೆ ಹೀಬ್ರೂ ಪುಸ್ತಕ ತೆರೆದಿಟ್ಟು ಕೂತಿದ್ದಾರೆ. ಫೋನಿನಲ್ಲಿ ಒಬ್ಬೊಬ್ಬರೇ ಕೆಮ್ಮುತ್ತ, ‘ಬಂದೆ’ ಎನ್ನುತ್ತ ಬೈಬಲ್ ಪಾಠಕ್ಕೆ ಸೇರಿಕೊಳ್ಳುತ್ತಾರೆ.

“ಯೆರೆಮೀಯನಿಗೆ ದೇವರು ಏನು ಕೇಳಿದ? ‘ಏನು ಕಾಣ್ತೈತಿ’ ಅಂತ ಕೇಳಿದ. ‘ಏನು ಅರ್ಥ ಆತು’ ಅಂತ ಕೇಳಲಿಲ್ಲ. ಹಂಗಾಗಿ ನಾವೂ ಮೊದಲು ನೋಡೂಣು,” ಎಂದು ಅವರು ಶುರುಮಾಡುತ್ತಾರೆ.

ಪ್ರವಾದಿ ಕಂಡದ್ದು ಬಾದಾಮಿಯ ಕೊಂಬೆ. ಹೀಬ್ರೂವಿನಲ್ಲಿ ಬಾದಾಮಿಗೆ ಶಾಕೇದ್, ಕಣ್ಣಿಟ್ಟು ಕಾಯುವವನಿಗೆ ಶೋಕೇದ್. ಆಡಿದ ಮಾತು ನಡೆಯುವ ತನಕ ಕಾಯುತ್ತೇನೆ ಎಂಬುದು ಆ ಕೊಂಬೆಯ ಅರ್ಥ. ಬೇರೆ ಭಾಷೆಗೆ ಹೋದರೆ ಈ ನಂಟು ಸಾಮಾನ್ಯವಾಗಿ ಕಳಚಿಬೀಳುತ್ತದೆ. “ಪುಣ್ಯಕ್ಕ ಕನ್ನಡದಾಗ ಉಳದೈತಿ. ಕಾಯಿ, ಕಾಯು.”

“ಹಂಗಾರ ಬದನೀಕಾಯಿನೂ ಕಾಯ್ತೈತೇನ್ರಿ ಅಕ್ಕಾರ?” ಇದು ಸ್ಯಾನ್ ಪೀಡ್ರೊದ ರಾಚಯ್ಯ, ದಿನಕ್ಕೊಂದು ಕೊಕ್ಕೆ ಹಾಕದಿದ್ದರೆ ಅವರಿಗೆ ಬೆಳಗಾಗುವುದಿಲ್ಲ.

“ನೀವು ಎಣ್ಣಿಗಾಯಿ ಮಾಡೋ ತನಕ ಕಾಯ್ತೈತಿ. ಸುಮ್ನ ಕೇಳ್ರಿ.”

ನಗು ಇಳಿಯುತ್ತದೆ. ಈ ಕಾಯುವಿಕೆ ಅಕ್ಕರೆಯದಲ್ಲ, ಊರೊಂದು ಬೀಳುವುದನ್ನು ಕಾಯುವುದು ಎಂದು ಅವರು ವಿವರಿಸುತ್ತಾರೆ. ಆರೂಕಾಲಿಗೆ ಪಾಠ ಮುಗಿಯುತ್ತದೆ. ಆರೂವರೆಗೆ ಊರ್ಮಿಳಾ ನೀಲಿ ಕೋಟು ತೊಟ್ಟು ಭೂತಗನ್ನಡಿಯ ಮುಂದೆ ಇರಬೇಕು.

ಕಾರ್ಖಾನೆಯಲ್ಲಿ ತಯಾರಾಗುವುದು ವಿಮಾನದ ಬೋಲ್ಟುಗಳು. ಒಂದು ಪಾಳಿಯಲ್ಲಿ ಸಾವಿರದ ಎಂಟುನೂರು ಬೋಲ್ಟು ಅವರ ಕಣ್ಣಡಿ ಹಾದುಹೋಗುತ್ತವೆ. ಕೂದಲೆಳೆಯ ಬಿರುಕು ಕಂಡರೆ ಕೆಂಪು ಡಬ್ಬಕ್ಕೆ. ಗದಗ-ಬೆಟಗೇರಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ದೇವಶಾಸ್ತ್ರ ಓದಿ, ತರಗತಿಯ ಏಕೈಕ ಹೆಣ್ಣಾಗಿ ಮೂರು ವರ್ಷ ಹೀಬ್ರೂ ಕಲಿತವರು ಇವರು. ಆ ಪದವಿಯನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇವರು ಚರ್ಚಿನ ಬೋಧಕರಲ್ಲ, ವೇದಿಕೆ ಹತ್ತಿದವರೂ ಅಲ್ಲ. 2020ರಲ್ಲಿ ಚರ್ಚುಗಳು ಬಾಗಿಲು ಹಾಕಿದಾಗ ನಾಲ್ಕು ಮುದುಕಿಯರಿಗೆ ಫೋನಿನಲ್ಲಿ ಓದಿ ಹೇಳಲು ಆರಂಭಿಸಿದರು. ಇಂದು ಮೂವತ್ತೊಂದು ಜನ, ವಾರಕ್ಕೆ ಐದು ದಿನ. ಅರ್ಧದಷ್ಟು ಜನ ಕ್ರೈಸ್ತರೇ ಅಲ್ಲ. ಮನೆಯಲ್ಲಿ ಮೊಮ್ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುವಾಗ, ಬೆಳಗ್ಗೆ ಅರ್ಧ ಗಂಟೆ ಕನ್ನಡ ಕಿವಿಗೆ ಬಿದ್ದರೆ ಸಾಕೆಂದು ಸೇರಿದವರು.

ಮಧ್ಯದಲ್ಲಿ ಒಂದೇ ಒಂದು ತಿಂಗಳು ಪಾಠ ನಿಂತಿತ್ತು. 2021ರ ಜನವರಿಯಲ್ಲಿ, ಬಂದರಿನ ಯಾರ್ಡಿನಲ್ಲಿ ದುಡಿಯುತ್ತಿದ್ದ ಪತಿ ಸಂದೀಪ್ ಕೋವಿಡ್‌ನಿಂದ ತೀರಿಕೊಂಡಾಗ. ಆಗ ಯಾರೋ ಕರೆಮಾಡಿ, ಪ್ರವಾದಿ ಯೆಹೆಜ್ಕೇಲನ ಹೆಂಡತಿಯ ಸಾವು ದೇವರು ಜನರಿಗೆ ಕೊಟ್ಟ ಗುರುತಾಗಿತ್ತು, ನಿಮ್ಮ ಯಜಮಾನರ ಸಾವೂ ಹಾಗೆಯೇ ಎಂದು ಸಮಾಧಾನ ಹೇಳಿದರಂತೆ. “ಹತ್ತೊಂಬತ್ತು ದಿನ ಗುರುತಿಗೆ ಉಸಿರಾಟದ ಮಷಿನ್ ಹಚ್ಚಿದ್ರೇನ್ರಿ ಅಂತ ಕೇಳ್ದೆ. ಫೋನ್ ಇಟ್ರು.”

ದರ್ಶನಗಳನ್ನು ಓದಲು ಅವರು ಮೂರು ಪ್ರಶ್ನೆ ಇಟ್ಟುಕೊಂಡಿದ್ದಾರೆ. ಕಂಡದ್ದೇನು? ಕೇಳಿಸಿದ್ದೇನು? ಯಾರಿಗೆ ಹೇಳಿದ್ದು? ಈ ವರ್ಷ ಜನವರಿಯಲ್ಲಿ ಲಾಸ್ ಏಂಜಲೀಸ್ ಕಾಡ್ಗಿಚ್ಚಿಗೆ ಹೊತ್ತಿ ಉರಿದಾಗ ಒಂದೇ ವಾರದಲ್ಲಿ ಪಾಠಕ್ಕೆ ನೂರಕ್ಕೂ ಹೆಚ್ಚು ಜನ ಬಂದರು. ಉತ್ತರದಿಂದ ವಾಲಿದ ಕುದಿಯುವ ಹಂಡೆಯನ್ನು ಯೆರೆಮೀಯ ಕಂಡನಲ್ಲ, ಅದು ಇದೇ ಬೆಂಕಿಯೇ ಎಂಬುದು ಎಲ್ಲರ ಪ್ರಶ್ನೆ. “ಆ ಹಂಡೆ ಯೆರೂಸಲೇಮಿನವರಿಗೆ ತೋರಿಸಿದ್ದು. ನೀವು ಮೊದಲು ಪಾಸ್‌ಪೋರ್ಟು, ಗುಳಿಗಿ ಬ್ಯಾಗಿಗೆ ಹಾಕ್ರಿ. ಯೆರೆಮೀಯ ಎಲ್ಲೂ ಓಡಿಹೋಗಂಗಿಲ್ಲ,” ಎಂದರು. ಭಯ ತಣಿದ ಮೇಲೆ ಹೊಸಬರೆಲ್ಲ ಕರಗಿಹೋದರು.

ಇಷ್ಟು ಎಚ್ಚರದ ಹೆಂಗಸು ಏಪ್ರಿಲ್ ತಿಂಗಳ ಒಂದು ಸೋಮವಾರ ಎಡವಿದರು.

ಅಂದು ಆಮೋಸನ ಪಾಠ. ಪ್ರವಾದಿ ಕಂಡದ್ದು ಒಂದು ಬುಟ್ಟಿ ಬೇಸಿಗೆಯ ಹಣ್ಣು. ಅದಕ್ಕೆ ಹೀಬ್ರೂವಿನಲ್ಲಿ ಕಯಿತ್ಸ್, ಕೊನೆ ಎಂಬುದಕ್ಕೆ ಕೇತ್ಸ್. ಹಣ್ಣು ತೋರಿಸಿ, ಕೊನೆ ಬಂತು ಎನ್ನುತ್ತಾನೆ ದೇವರು. ಊರ್ಮಿಳಾರಿಗೆ ಹಿಂದಿನ ದಿನವಿಡೀ ಈ ಜೋಡಿಗೆ ಒಪ್ಪುವ ಕನ್ನಡದ ಜೋಡಿಯ ಹುಡುಕಾಟ. ಸಿಕ್ಕಿದ್ದು: ಮಾಗಿತು, ಮುಗಿಯಿತು. ಹೇಳಿದಾಗ ಕೇಳುತ್ತಿದ್ದವರು ‘ಆಹಾ’ ಎಂದರು. ಗಡಿಯಾರ ನೋಡಿದರೆ ಆರೂ ಇಪ್ಪತ್ತಾರು. ಮೂರನೆಯ ಪ್ರಶ್ನೆಯನ್ನು ನಾಳೆಗೆ ಬಿಟ್ಟು ಕಾರ್ಖಾನೆಗೆ ಓಡಿದರು. ಮರುದಿನ ಮೇಲ್ವಿಚಾರಕರ ಸಭೆ, ಅದರ ಮರುದಿನ ಜ್ವರ. ಆ ವಾರ ಮತ್ತೆ ಪಾಠವೇ ಆಗಲಿಲ್ಲ.

ಆಹಾ ಎಂದವರಲ್ಲಿ ಮಹಾಂತಪ್ಪನವರೂ ಇದ್ದರು. ರೋಣದ ಶಾಲೆಯಲ್ಲಿ ಮೂವತ್ತಾರು ವರ್ಷ ಕನ್ನಡ ವ್ಯಾಕರಣ ಕಲಿಸಿದ ಎಪ್ಪತ್ತೊಂಬತ್ತರ ಲಿಂಗಾಯತ ಮಾಸ್ತರರು. ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿ ಮಗಳು ನಮ್ರತಾಳ ಮನೆಯಲ್ಲಿದ್ದರು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಆ ಮಂಗಳವಾರ ಹೋಗಲಿಲ್ಲ. ಗುರುವಾರವೂ ಹೋಗಲಿಲ್ಲ. ಶುಕ್ರವಾರ ಸಂಜೆ ನಮ್ರತಾ ಕರೆಮಾಡಿದಳು. “ಆಂಟಿ, ಅಪ್ಪ ಏನೋ ಮಾಗಿದೆ, ಮುಗಿದಿದೆ ಅಂತಾರೆ. ನೀವು ಹೇಳಿಕೊಟ್ರಂತೆ. ಕಾಲು ಊದಿ ನೋಡೋಕಾಗ್ತಿಲ್ಲ. ನಾಳೆನೂ ಮಿಸ್ ಮಾಡಿದ್ರೆ ಹಾರ್ಟ್ ನಿಂತುಹೋಗತ್ತೆ ಅಂದಿದಾರೆ ಡಾಕ್ಟರ್.”

ಶನಿವಾರ ಬೆಳಕು ಹರಿಯುವ ಮುಂಚೆಯೇ ಊರ್ಮಿಳಾ ಹೊರಟರು. ನೂರ ಮೂವತ್ತು ಮೈಲಿ. ದಾರಿಯುದ್ದಕ್ಕೂ ಒಂದೇ ಚಿಂತೆ: ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ, ಆದರೂ ಒಬ್ಬ ಮನುಷ್ಯ ಸಾಯುತ್ತಿದ್ದಾನೆ.

ಮಹಾಂತಪ್ಪ ಒರಗುಕುರ್ಚಿಯಲ್ಲಿ ಮೇಲುಸಿರು ಬಿಡುತ್ತಿದ್ದರು. ಅಂದು ಆಡಿದ ಮಾತುಗಳನ್ನು ಊರ್ಮಿಳಾ ಇಂದಿಗೂ ಬಿಡಿಬಿಡಿಯಾಗಿ ನೆನೆಯುತ್ತಾರೆ.

“ಧಾತು ಎಷ್ಟು ಚಂದ ಕೂಡಿಸಿದ್ರಿ ತಂಗಿ,” ಎಂದರಂತೆ ಅವರು. “ಮಾಗು, ಮುಗಿ. ನಾನೂ ಮಾಗೀನಿ.”

“ಅರ್ಧ ಹೇಳಿದ್ದೆ ಸರ. ಹೊತ್ತಾಗಿತ್ತು. ಆ ಬುಟ್ಟಿ ತೋರಿಸಿದ್ದು ಕಳ್ಳ ತೂಕ ಇಟ್ಟವರಿಗೆ, ಒಂದು ಜೊತಿ ಕಾಲಾಗಿನ ಕೆರಕ್ಕ ಬಡವರನ್ನ ಕೊಂಡವರಿಗೆ. ನೀವು ಯಾರನ್ನರ ಕೊಂಡೀರೇನು?”

“ಹುಡುಗೂರ ಕಿವಿ ಹಿಂಡೀನಿ. ಅಷ್ಟ.”

“ಹಂಗಾರ ಬುಟ್ಟಿ ನಿಮ್ಮ ವಿಳಾಸಕ್ಕ ಬಂದಿಲ್ಲ.”

ಮಾಸ್ತರರು ಅಡುಗೆಮನೆಯಲ್ಲಿದ್ದ ಮಗಳಿಗೆ ಕೇಳದಂತೆ, “ತಪ್ಪು ನಿಮ್ಮದಲ್ಲ. ನನಗ ಸಾಕಾಗೈತಿ. ಮಗಳ ಮುಂದ ಹೇಳಾಕ ಬಾಯಿ ಬರವಲ್ದಾಗಿತ್ತು. ನೀವೊಂದು ಮಾತು ಕೊಟ್ರಿ, ಹಿಡಕೊಂಡೆ,” ಎಂದರು.

ಇದಕ್ಕೆ ಊರ್ಮಿಳಾ ಸಿದ್ಧರಾಗಿ ಬಂದಿರಲಿಲ್ಲ. ತಪ್ಪು ಓದನ್ನು ತಿದ್ದಬಹುದು. ದಣಿವನ್ನು ಹೇಗೆ ತಿದ್ದುವುದು? ಬದುಕಿರಿ ಎಂದು ಅವರು ಉಪದೇಶ ಮಾಡಲಿಲ್ಲ. ಗಂಡನ ಕೊನೆಯ ದಿನಗಳನ್ನು ಫೋನಿನ ಪರದೆಯ ಮೇಲೆ ನೋಡಿದವರು ಅವರು.

“ಬಿಡೂದಾದ್ರ ಬಿಡ್ರಿ ಸರ. ಮಗಳಿಗೆ, ಡಾಕ್ಟರಿಗೆ ಎದುರಾ ಎದುರ ಹೇಳಿ, ನಿಮ್ಮ ಹೆಸರಿನಾಗ ಬಿಡ್ರಿ. ಆಮೋಸನ ಹೆಸರಿನಾಗ ಬ್ಯಾಡ. ಅದನ್ನ ಹೇಳೋ ಧೈರ್ಯ ಬರೋ ತನಕ ಹೋಗಿ ಆ ಡಯಾಲಿಸಿಸ್ ಕುರ್ಚಿ ಮ್ಯಾಲ ಕೂಡ್ರಿ.”

ಹತ್ತೂವರೆಗೆ ಮಹಾಂತಪ್ಪ ಬೂಟು ಕೇಳಿದರು. ಊದಿದ ಕಾಲಿಗೆ ಅದು ಹತ್ತಲಿಲ್ಲ. ಪಾದಕ್ಕೆ ಟವೆಲ್ ಸುತ್ತಿಕೊಂಡೇ ಕಾರಿನಲ್ಲಿ ಕೂತರು.

ಮುಂದಿನ ಪಾಠದಲ್ಲಿ ಊರ್ಮಿಳಾ ಎಲ್ಲರೆದುರು ತಪ್ಪೊಪ್ಪಿಕೊಂಡರು. ಇಬ್ಬರು ಪಾಠ ಬಿಟ್ಟುಹೋದರು. ‘ಹೆಂಗಸಿನ ಬಾಯಲ್ಲಿ ಪ್ರವಾದನೆ ಹೀಗೇ ಆಗೋದು’ ಎಂದು ಒಬ್ಬರು ಸಂದೇಶ ಕಳಿಸಿದರು. ಊರ್ಮಿಳಾ ಅದನ್ನು ಅಳಿಸಿಲ್ಲ. ಈಗ ಮೂರನೆಯ ಪ್ರಶ್ನೆ ಕೇಳದೆ ಯಾವ ಪಾಠವೂ ಮುಗಿಯುವುದಿಲ್ಲ.

ಮಾಸ್ತರರು ಮೂರೂವರೆ ತಿಂಗಳು ತಪ್ಪದೆ ಹೋದರು. ಆಗಸ್ಟ್ ಆರಂಭದಲ್ಲಿ ವೈದ್ಯರನ್ನೂ ಮಗಳನ್ನೂ ಎದುರು ಕೂರಿಸಿಕೊಂಡು, ಇನ್ನು ಬೇಡ ಎಂದರು. ಮಗಳು ಜಗಳವಾಡಿದಳು, ಅತ್ತಳು, ಕೊನೆಗೆ ಒಪ್ಪಿದಳು. ಎಂಟನೆಯ ದಿನ ಅವರು ಮನೆಯಲ್ಲೇ ತೀರಿಕೊಂಡರು.

ಅಂತ್ಯಕ್ರಿಯೆಯ ದಿನ ಊರ್ಮಿಳಾ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಮಾತಾಡಿ ಎಂದು ಅವರನ್ನು ಯಾರೂ ಕರೆಯಲಿಲ್ಲ. ಹೊರಡುವಾಗ ನಮ್ರತಾ ಕಾರಿನ ತನಕ ಬಂದಳು. “ಅಪ್ಪ ಯಾವ ಪ್ರವಾದಿ ಹೆಸರೂ ಎತ್ತಲಿಲ್ಲ ಆಂಟಿ. ನನ್ನ ಕೈ ಹಿಡ್ಕೊಂಡು, ‘ನನಗ ಸಾಕಾಗೈತಿ, ಇದು ನನ್ನ ಮಾತು’ ಅಂದ್ರು.”

ಊಟದ ಬಿಡುವಿನಲ್ಲಿ ಇದನ್ನು ಹೇಳುವಾಗ ಊರ್ಮಿಳಾ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸುತ್ತಾರೆ. ಕಾರ್ಖಾನೆಯ ಗಂಟೆ ಹೊಡೆಯುತ್ತದೆ.

“ಉಳಸಲಿಲ್ಲ ನಾನು ಅವರನ್ನ. ಅವರ ಮಾತು ಅವರಿಗೆ ವಾಪಸ್ ಕೊಟ್ಟೆ,” ಎನ್ನುತ್ತಾರೆ ಏಳುತ್ತ. “ಅಷ್ಟು ಹೀಬ್ರೂ ನನಗ ಬರ್ತೈತಿ.”