ಹತ್ತರಗಿ ದಾರಿಯ ಕುರಿ

ಗೋಕಾಕ ಫಾಲ್ಸ್‌ನಿಂದ ಹತ್ತರಗಿಯ ಪ್ರಾರ್ಥನೆಗೆ ನಮ್ಮ ಪಾಸ್ಟರನ್ನು ಕರೆದೊಯ್ಯುವ ಡ್ರೈವರ್ ನಾನು. ದಾರಿಯುದ್ದಕ್ಕೂ ಅವರದು ಒಂದೇ ಮಾತು: "ಈ ಲೋಕ ಬರೇ ಒಂದ್ ರಾತ್ರಿ ವಸ್ತಿ ತಮ್ಮಾ, ನಮ್ಮ ಮನಿ ಮ್ಯಾಲೈತಿ." ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಅವತ್ತು ರಸ್ತೆ ಬದಿ ಕುರಿಯೊಂದು ಮರಿ ಹಾಕಲಾಗದೆ ಒದ್ದಾಡುತ್ತಿತ್ತು. ಕುರುಬ ಕೈ ಅಡ್ಡ ಹಿಡಿದ. ನಾನು ಇಳಿದು ಕುರಿಯ ತಲೆ ಹಿಡಿದೆ. ಪಾಸ್ಟರು ಸೀಟಿನಿಂದಲೇ ಕೈ ಚಾಚಿ, ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಅದು ಮುಗಿಯುವ ಲಕ್ಷಣವೇ ಇರಲಿಲ್ಲ.

"ಸಾಹೇಬ್ರ, ದೇವರಿಗೆ ಆಮ್ಯಾಲ ಹೇಳೀರಂತ. ಮೊದಲ ಇಳದು ಇದರ ಕಾಲ ಹಿಡೀರಿ!" ಎಂದು ಕುರುಬ ಗದರಿದ.

ಇಳಿದರು, ಹಿಡಿದರು. ಮರಿ ಉಳಿಯಿತು, ಬಿಳಿ ಅಂಗಿ ಹೋಯಿತು.

ಈಗ ಕುರಿಹಿಂಡು ಕಂಡಲ್ಲೆಲ್ಲ "ನಿಲ್ಲಸೋ ತಮ್ಮಾ" ಅಂತಾರೆ. ಸ್ವರ್ಗ ಹಾಗಿರಲಿ, ಹತ್ತರಗಿ ಮುಟ್ಟುವುದೇ ಕಷ್ಟವಾಗಿದೆ.