ಜವರಣ್ಣನ ಬಾವಿ ಮತ್ತು ಸುಣ್ಣದ ಕಲ್ಲಿನ ದಿಬ್ಬ

ಸಹಬಾಳ್ವೆ ಎಂಬುದು ಸೃಷ್ಟಿಯ ಅತ್ಯುನ್ನತ ತತ್ವ. ಹುಣಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತ ಇದನ್ನು ವರ್ಷ ವರ್ಷವೂ ಗಂಭೀರವಾಗಿ ಸಾರಿದ ನಾನು, ಸ್ಟಾಫ್ ರೂಮಿನ ಒಂದು ಫ್ಯಾನನ್ನು ರಸಾಯನಶಾಸ್ತ್ರದವರೊಂದಿಗೆ ಹಂಚಿಕೊಳ್ಳಲು ಕೊನೆಯವರೆಗೂ ಒಪ್ಪಲಿಲ್ಲ.

ಕೊರೋನಾ ಮುಗಿದ ಮರುವರ್ಷ, ನಿವೃತ್ತಿ ಹತ್ತಿರವಾಗಿದ್ದಾಗ, ಸರಗೂರಿನ ಆಚೆಯಿಂದ ಜವರಣ್ಣ ಎಂಬ ಹೊಗೆಸೊಪ್ಪಿನ ಬೆಳೆಗಾರರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಹೊಲದ ಪಕ್ಕ ಸುಣ್ಣದ ಕಲ್ಲಿನ ಸರ್ಕಾರಿ ದಿಬ್ಬ. ಅದನ್ನು ಒಡೆಯಲು ಯಾರೋ ಗಣಿ ಪರವಾನಗಿ ಕೇಳಿದ್ದರು. ದಿಬ್ಬದ ಬುಡದಲ್ಲೇ ಜವರಣ್ಣನವರ ಬಾವಿ.

“ಸಿಡಿಮದ್ದು ಇಟ್ರೆ ನೀರು ಎತ್ತಗೋ ಓಯ್ತದೆ ಸಾ. ಅದ್ರ ಇಂದೇನೇ ನಾವೂ ಓಗಾದೇಯ.”

ಹೋಗಿ ನೋಡಿದೆ. ಮಣ್ಣಿನ ಆಳ ಒಂದು ಬೆರಳು ದಾಟುವುದಿಲ್ಲ. ಬತ್ತಲೆ ಬಂಡೆಗೆ ಲೈಕೆನ್ ಅಂಟಿಕೊಂಡಿತ್ತು, ಮಸಾಲೆಗೆ ಹಾಕುವ ಕಲ್ಲುಹೂವಿನ ಬಡ ದಾಯಾದಿ. ಬಿರುಕುಗಳಲ್ಲಿ ಹಾವಸೆಯ ಪುಟ್ಟ ದಿಂಬುಗಳು. ಆ ದಿಂಬುಗಳು ಹಿಡಿದಿಟ್ಟ ತೇವದಲ್ಲಿ ಗೇಣುದ್ದವೂ ಇಲ್ಲದ ಹೂಗಿಡಗಳು. ಸುತ್ತ ಕುಳ್ಳ ಹುಲ್ಲು. ಇಷ್ಟು ಬಗೆಯ ಜೀವ ಒಂದೆಡೆ ಬಾಳಿದ್ದು ಪರಸ್ಪರ ಪ್ರೀತಿಯಿಂದೇನೂ ಅಲ್ಲ. ಇನ್ನೊಬ್ಬರ ಬೆಳಕಿಗೆ ಅಡ್ಡ ಬರುವಷ್ಟು ಎತ್ತರ ಬೆಳೆಯಲು ಅಲ್ಲಿ ಯಾರಿಗೂ ಊಟ ಸಾಲುತ್ತಿರಲಿಲ್ಲ. ಅಷ್ಟಿಷ್ಟು ತಲೆ ಎತ್ತಿದ ಹುಲ್ಲನ್ನು ಕುರಿಗಳು ಮೇಯುತ್ತಿದ್ದವು.

ಅಪರೂಪದ ಸಸ್ಯಗಳಿರುವ ಈ ದಿಬ್ಬವನ್ನು ಒಡೆಯಬಾರದೆಂದು ಗಣಿ ಇಲಾಖೆಗೆ ವರದಿ ಬರೆದೆ. ಮಳೆಗಾಲದ ಕೊನೆಗೆ ಅಧಿಕಾರಿ ಬಂದು ನೋಡುತ್ತಾರೆ, ಬರೆದದ್ದೆಲ್ಲ ಕಂಡರೆ ಅರ್ಜಿ ವಜಾ, ಎಂದು ತೀರ್ಮಾನವಾಯಿತು.

“ಅಲ್ಲೀಗಂಟ ನಾನೇನ್ ಮಾಡ್ಲಿ ಸಾ?” ಎಂದರು ಜವರಣ್ಣ.

“ಏನೂ ಮಾಡಬೇಡಿ. ಕುರಿ ಎಂದಿನಂತೆ ಮೇಯಲಿ. ನೀರು ಬೇಡ, ಗೊಬ್ಬರ ಬೇಡ. ಹೊಟ್ಟೆಗೆ ಸಾಲದೆ ಇರುವುದೇ ಆ ದಿಬ್ಬದ ಆರೋಗ್ಯ.”

ಅಷ್ಟರಲ್ಲಿ ಅವರ ಹೆಂಡತಿ ಪುಟ್ಟಮ್ಮ ಕಾಫಿ ತಂದರು. ಬೇಡ ಎಂದೆ. “ಬ್ಯಾಡ ಅಂದೋರ್ಗೆ ಎಲ್ಡು ಲೋಟ ಕಣ್ರೀ ಮೇಷ್ಟ್ರೇ ನಮ್ಮನೇಲಿ,” ಎಂದು ಕೈಗೇ ಇಟ್ಟರು. ಎರಡನ್ನೂ ಕುಡಿದೆ. ನಮ್ಮ ಸೀಮೆಯಲ್ಲಿ ಅತಿಥಿಯ ಬಾಯಿಂದ ಬಂದ ‘ಬೇಡ’ಕ್ಕೆ ಕಾನೂನಿನ ಮಾನ್ಯತೆಯಿಲ್ಲ.

ಮಳೆ ಮುಗಿಯಿತು. ಅಧಿಕಾರಿಯೊಂದಿಗೆ ದಿಬ್ಬ ಹತ್ತಿದೆ. ಇಸ್ತ್ರಿ ಅಂಗಿ ತೊಟ್ಟ ಜವರಣ್ಣ ಮದುವೆ ಮನೆಯ ಯಜಮಾನರಂತೆ ಎದುರುಗೊಂಡರು. ಅವರ ಹಿಂದೆ, ಸೊಂಟದೆತ್ತರಕ್ಕೆ ಕಪ್ಪು ಹಸಿರಾಗಿ ಹುಲ್ಲು ತೂಗುತ್ತಿತ್ತು.

“ಎಂಗದೆ ಸಾ? ಒಗೆಸೊಪ್ಪಿಗೆ ತಂದಿದ್ ಗೊಬ್ರ, ಅರ್ಧ ಒಲಕ್ಕೆ ಕಮ್ಮಿ ಮಾಡಿ ಇಲ್ಲಿಗೆ ಎರಚ್ದೆ. ಕುರಿ ಒಂದೂ ಇತ್ತ ಬುಡ್ನಿಲ್ಲ. ಸಾಯೇಬ್ರು ಬರೋ ಒತ್ಗೆ ಬಾಡ್ಕಂಡ್ ಕೂತಿದ್ರೆ ಚೆಂದವಾ?”

ಹುಲ್ಲು ಸರಿಸಿದೆ. ಕತ್ತಲಲ್ಲಿ ಹಾವಸೆ ಕೊಳೆತು ಕಪ್ಪಾಗಿತ್ತು. ಲೈಕೆನ್ ಬೆರಳು ತಾಗಿದರೆ ಪುಡಿ. ಹೂಗಿಡ ಒಂದೂ ಇರಲಿಲ್ಲ.

“ಗೊಬ್ಬರ ಬೇಡ ಅಂದಿದ್ದೆನಲ್ಲ ಜವರಣ್ಣ?”

“ಕಾಫೀನೂ ಬ್ಯಾಡ ಅಂದಿದ್ರಿ ಸಾ.” ನನ್ನ ಮುಖ ನೋಡಿ ಅವರ ದನಿ ಇಳಿಯಿತು. “ಒಟ್ಟೆಗಿಲ್ಲ ಅಂದ್ರಲ್ಲಾ… ಮನ್ಸು ತಡೀನಿಲ್ಲ.”

ಅಧಿಕಾರಿ ಕೆಟ್ಟವರಲ್ಲ. ದಿಬ್ಬ ಚೇತರಿಸಿಕೊಳ್ಳಲು ಕೆಲವು ವರ್ಷ ಕೊಡಿ ಎಂದು ಕೇಳಿದೆ. “ಸರ್, ಕಣ್ಣಿಗೆ ಕಂಡದ್ದನ್ನೇ ಬರೀಬೇಕು ನಾನು,” ಎಂದರು. ಸಾಮಾನ್ಯ ಹುಲ್ಲುಗಾವಲು, ವಿಶೇಷ ಸಸ್ಯಗಳಿಲ್ಲ, ಎಂದು ಬರೆದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಗಿಡ ಬೆಳೆಸುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು. ಬೆಳೆಸಿಯೇ ಬದುಕಿದವರಿಗೆ ಸುಮ್ಮನಿರುವುದನ್ನು ಕಲಿಸುವ ಪಾಠ ನನ್ನ ಸಿಲಬಸ್ಸಿನಲ್ಲಿರಲಿಲ್ಲ. ವೃತ್ತಿ ಅದನ್ನು ನನಗೆ ತಿಳಿಸಿದ್ದು ವೃತ್ತಿ ಮುಗಿಯುವ ಹೊತ್ತಿಗೆ.

ಮುಂದಿನ ಬೇಸಿಗೆಯಲ್ಲಿ ಗಣಿ ಶುರುವಾಯಿತು. ಬಾವಿ ಬತ್ತಿತು. ಜವರಣ್ಣ, ಪುಟ್ಟಮ್ಮ ಈಗ ಹ್ಯಾಂಡ್‌ಪೋಸ್ಟ್ ಎಂಬ ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ.