ಒಂದು ತೋಳಿಲ್ಲದ ಕೋಟು

ಬೀದಿಯವರೆಲ್ಲ ಅವಳನ್ನು ಅಳತೆಯಮ್ಮ ಎಂದೇ ಕರೆಯುವುದು. ನಲವತ್ತು ವರ್ಷದಿಂದ ಕೋಟು ಹೊಲಿಯುತ್ತಿದ್ದಾಳೆ. ಅಳತೆ ಬರೆದ ಪಕ್ಕದಲ್ಲಿ ಗಿರಾಕಿ ಸಹಿ ಹಾಕಲೇಬೇಕು. ಆಮೇಲೆ 'ನನ್ನ ಹೊಟ್ಟೆ ಇಷ್ಟಿರಲಿಲ್ಲ' ಎನ್ನುವ ಹಾಗಿಲ್ಲ. ಓದು ಅಷ್ಟಕ್ಕಷ್ಟೇ. ಆದರೆ ಸಹಿಯನ್ನು ಹೊಲಿಗೆ ನೋಡಿದ ಹಾಗೆ ನೋಡುತ್ತಾಳೆ, ಒಮ್ಮೆ ಕಂಡರೆ ಮರೆಯಳು.

ಅವಳ ಒಬ್ಬನೇ ಮಗ ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದ. ಯುದ್ಧದ ಆರನೆಯ ದಿನ ಹಾರಿದವನು ಇಳಿಯಲಿಲ್ಲ. ಹೆಣವೂ ಇಲ್ಲ, ಒಂದು ಚೂರು ತಗಡೂ ಇಲ್ಲ. ಬಂದದ್ದು ಒಂದು ಕಾಗದ: 'ಆಜ್ಞೆ ಮೀರಿ ಹಾರಿ ಕಾಣೆಯಾಗಿದ್ದಾನೆ.' ಕೆಳಗೆ ಮೇಲಧಿಕಾರಿಯ ಸಹಿ, ಅದರ ತುದಿಯಲ್ಲಿ ಚೇಳಿನ ಕೊಂಡಿಯಂತೆ ಮೇಲೆದ್ದ ಬಾಲ. ನಿಜ ಹೇಳಿದವನು ಮೆಕ್ಯಾನಿಕ್ ಒಬ್ಬನೇ, ಮನೆಗೇ ಬಂದು. "ಬಾಲದ ಫ್ಯಾನು ನಡುಗ್ತಿದೆ, ಹಾರಲ್ಲ ಅಂದ ಅಮ್ಮಾ. ಸಾಹೇಬ್ರೇ ಬೈದು ಕಳಿಸಿದ್ರು." ಆ ಬಡಪಾಯಿಯ ಮಾತು ಯಾವ ಕಚೇರಿಯಲ್ಲೂ ನಡೆಯಲಿಲ್ಲ.

ಹದಿನೆಂಟು ವರ್ಷದ ಮೇಲೆ ನಿವೃತ್ತ ಸಾಹೇಬನೊಬ್ಬ ತನ್ನ ಸನ್ಮಾನಕ್ಕೆಂದು ಕೋಟು ಹೊಲಿಸಲು ಬಂದ. ಅಳತೆ ಪುಸ್ತಕದಲ್ಲಿ ಸಹಿ ಹಾಕಿದ. ಚೇಳು ಕೊಂಡಿ ಎತ್ತಿತು. ಕಾಣೆಯಾದವನ ಮನೆಗೆ ಒಂದೇ ಒಂದು ಸಲ ಹೋಗಿದ್ದರೆ ಈ ತಾಯಿಯ ಗುರುತು ಸಿಗುತ್ತಿತ್ತು, ಈ ಅಂಗಡಿಗೆ ಕಾಲಿಡುತ್ತಿರಲಿಲ್ಲ. ಅವಳು ಪುಸ್ತಕ ಮುಚ್ಚಿದಳು.

"ಸನ್ಮಾನದ ದಿನ ಬೆಳಿಗ್ಗೆ ಬನ್ನಿ ಸಾರ್, ಹಾಕಿ ನೋಡೋಣ."

ಬಂದ. ಕಚ್ಚಾ ಹೊಲಿಗೆಯ ಕೋಟು ತೊಡಿಸಿ, ಕುತ್ತಿಗೆಯ ಸುತ್ತ ಗುಂಡುಪಿನ್ನು ಸಿಕ್ಕಿಸಿ ನಿಲ್ಲಿಸಿದಳು.

"ಅಲ್ಲಾಡ್ಬೇಡಿ, ಚುಚ್ಚುತ್ತೆ. ಒಂದು ತೋಳು ಬಾಕಿ ಇದೆ."

"ಸಂಜೆ ಸಮಾರಂಭ ಕಣಮ್ಮಾ! ಬೇಗ ಮುಗಿಸು."

"ನನ್ನ ಮಗನ ಮಾತೂ ಒಂದು ಬಾಕಿ ಇದೆ." ಹಳೆಯ ಕಾಗದವನ್ನು ಅಳತೆ ಪುಸ್ತಕದ ಪಕ್ಕದಲ್ಲಿಟ್ಟಳು. "ಎರಡೂ ನಿಮ್ಮ ಕೈಯವೇ ಅಲ್ವಾ?"

ಸಾಹೇಬನ ಮುಖ ಬಿಳಿಚಿತು. "ಯುದ್ಧದ ಗಡಿಬಿಡಿ. ಹೋಗು ಅಂದೋನು ನಾನೇ, ಹೌದು. ಈಗ ಅದೆಲ್ಲ ಯಾಕಮ್ಮಾ?"

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ನಾದಿನಿ ತಲೆಯೆತ್ತಿದಳು. "ಕೇಳಿಸ್ತು ಅತ್ತಿಗೆ. ಕಣ್ಣು ಮಂಜಾಗಿದೆ, ಕಿವಿ ನೆಟ್ಟಗಿದೆ."

"ಅದನ್ನೇ ಬರೆದು ಕೆಳಗೆ ಆ ಚೇಳಿನ ಸಹಿ ಹಾಕಿ ಸಾರ್. ತೋಳು ಹಚ್ಚೋದು ಅರ್ಧ ಗಂಟೆ ಕೆಲ್ಸ," ಎಂದಳು ಅಳತೆಯಮ್ಮ.

"ಬರೆದ್ರೆ ನನ್ನ ಮಾನ ಏನಾಗ್ಬೇಕು?"

"ಅದರ ಅಳತೇನೂ ತಗೊಂಡಿದ್ದೀನಿ ಸಾರ್. ಮೊಳ ಬೇಡ, ಗೇಣು ಸಾಕು."

ಅವನು ಬರೆಯಲಿಲ್ಲ. ಕೋಟು ಕಿತ್ತೆಸೆದು, ಪಿನ್ನು ಗೀರಿದ ಕುತ್ತಿಗೆ ಒರೆಸಿಕೊಳ್ಳುತ್ತ ಹೊರಟುಹೋದ.

ಅಳತೆಯಮ್ಮ ಕೋಟನ್ನು ಅಂಗಡಿಯ ಬಾಗಿಲಿಗೇ ತೂಗುಹಾಕಿದಳು. ಇನ್ನೊಂದು ತೋಳೆಲ್ಲಿ ಎಂದು ಕೇಳಿದವರಿಗೆಲ್ಲ ಕತ್ತರಿ ಕೆಳಗಿಟ್ಟು ಹೇಳುತ್ತಾಳೆ, ಸಾಹೇಬನ ಹೆಸರು, ಹುದ್ದೆ, ಬೀದಿ ಸಮೇತ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಈಗ ಊರಿಗೆ ಊರೇ ಅವನನ್ನು ಒಂಟಿತೋಳು ಎನ್ನುತ್ತದೆ.

ಮೊನ್ನೆ ಅವನ ಡ್ರೈವರ್ ಬಂದಿದ್ದ. "ಎಷ್ಟಾದ್ರೂ ಸರಿ, ಆ ಕೋಟು ಕೊಡ್ಬೇಕಂತೆ ಅಮ್ಮಾ."

"ನಾಲ್ಕು ಸಾಲು, ಒಂದು ಸಹಿ," ಎಂದಳು. "ಅಲ್ಲೀವರೆಗೂ ನುಸಿ ಹಿಡಿಯೋಕೆ ಬಿಡಲ್ಲ ಅಂತ ಹೇಳಪ್ಪಾ."